ಪಾಠ ಸಿದ್ಧ, ನಾನು?

ಪ್ರಶ್ನೆ: ಅಕ್ಕಾ, ಸಂಡೇ ಸ್ಕೂಲಿನಲ್ಲಿ ಮಕ್ಕಳಿಗೆ ಬೈಬಲಿನ ಮಾರ್ಕನ ಸುವಾರ್ತೆ (ಯೇಸುವಿನ ಜೀವನದ ಕಥೆ) ಕಲಿಸುತ್ತೇನೆ. ವಾರವಿಡೀ ಐಟಿ ಕೆಲಸ. ಶನಿವಾರ ರಾತ್ರಿ ಕೂತು ಪಿಪಿಟಿ ಮಾಡುತ್ತೇನೆ. ಪಾಠ ಸಿದ್ಧ, ನಾನೇ ಸಿದ್ಧ ಇಲ್ಲ ಅನಿಸುತ್ತದೆ. ಏನು ಮಾಡಲಿ?
– ಓದುಗ, ವೈಟ್‌ಫೀಲ್ಡ್, ಬೆಂಗಳೂರು

ಉತ್ತರ: ಪಿಪಿಟಿ ಆಮೇಲೆ. ಸೋಮವಾರವೇ ಪಾಠದ ಭಾಗ ತೆಗೆದು ಮೆಟ್ರೋದಲ್ಲಿ ನಿಧಾನವಾಗಿ ಓದಿ (ಸೀಟು ಸಿಕ್ಕರೆ, ಅಲ್ವಾ!). ದಿನವೂ ಅದೇ ಭಾಗ. 4ನೇ ಅಧ್ಯಾಯದ ಬಿರುಗಾಳಿಯನ್ನೇ ನೋಡಿ. ಅಲೆಗಳು ದೋಣಿಗೆ ನುಗ್ಗುತ್ತಿವೆ, ಯೇಸುಸ್ವಾಮಿ ಹಿಂಭಾಗದಲ್ಲಿ ದಿಂಬಿಗೆ ತಲೆಯಿಟ್ಟು ನಿದ್ದೆ ಮಾಡುತ್ತಿದ್ದಾರೆ. ಸುವಾರ್ತೆ ಬರೆದವರಲ್ಲಿ ಆ ದಿಂಬಿನ ಸುದ್ದಿ ಹೇಳುವವನು ಮಾರ್ಕ ಒಬ್ಬನೇ. ‘ನಿಮಗೆ ಚಿಂತೆಯೇ ಇಲ್ವಾ?’ ಅಂತ ಶಿಷ್ಯರ ಹಾಗೆ ನೀವು ಯಾವಾಗ ಕೂಗಿದ್ದೀರಿ? ಅದನ್ನು ಮೊದಲು ದೇವರ ಮುಂದೆ ಹೇಳಿಕೊಳ್ಳಿ.

ಬೈಬಲಿನ ಹಳೆ ಒಡಂಬಡಿಕೆಯ ಎಜ್ರ ಪುಸ್ತಕದಲ್ಲಿ (7:10) ಒಂದು ಕ್ರಮವಿದೆ. ಎಜ್ರ ಎಂಬ ಯಾಜಕ ದೇವರ ಧರ್ಮಶಾಸ್ತ್ರವನ್ನು ಓದಲು, ಅದರಂತೆ ನಡೆಯಲು, ಆಮೇಲೆ ಕಲಿಸಲು ಮನಸ್ಸು ಮಾಡಿದ. ನಾವು ನಡುವಿನದನ್ನು ಹಾರಿಸಿಬಿಡುತ್ತೇವೆ. ಮನೆಯಲ್ಲಿ ಯಾರ ಜೊತೆಗಾದರೂ ಮಾತು ಬಿಟ್ಟಿದ್ದರೆ ಭಾನುವಾರಕ್ಕೆ ಮುಂಚೆ ಮಾತಾಡಿ.

ಹಾಜರಿ ಪುಸ್ತಕ ಎದುರಿಗಿಟ್ಟುಕೊಂಡು ಒಂದೊಂದೇ ಹೆಸರು ಹಿಡಿದು ಪ್ರಾರ್ಥಿಸಿ. ಗಲಾಟೆ ಮಾಡುವವನ ಹೆಸರಿಗೆ ಜಾಸ್ತಿ ಹೊತ್ತು. ಉಪವಾಸ ನಿಮ್ಮಿಷ್ಟ. ಶನಿವಾರ ರಾತ್ರಿ ನಿದ್ದೆ ಮಾತ್ರ ಬೇಕೇ ಬೇಕು. ಆಕಳಿಸುವ ಟೀಚರ್ ಮುಂದೆ ಮಕ್ಕಳು ಸುಮ್ನೆ ಕೂರುವುದಿಲ್ಲ.