ಜರ್ಮನ್ ಅಷ್ಟಾಗಿ ಬಾರದ ನಾನು ಇಲ್ಲಿನ ಹಳ್ಳಿಯ ಸ್ವಯಂಸೇವಕ ಅಗ್ನಿಶಾಮಕ ಪಡೆಯ ಇತಿಹಾಸ ಬರೆಯಲು ಒಪ್ಪಿಕೊಳ್ಳಲೇ?

ನಿಮ್ಮ ಪ್ರಶ್ನೆ ಓದಿ ಮೊದಲು ನಗು ಬಂತು, ಆಮೇಲೆ ಹಳೆಯ ಸಂಕಟ ಮರಳಿತು. ಎಂಟು ವರ್ಷಗಳ ಹಿಂದೆ, ಸ್ಟುಟ್‌ಗಾರ್ಟ್‌ನಿಂದ ಒಂದು ಗಂಟೆ ದೂರದ ಹಳ್ಳಿಯಲ್ಲಿ ಇದೇ ಕೆಲಸ ನನ್ನ ತಲೆಗೆ ಕಟ್ಟಿತ್ತು. ಅಲ್ಲಿನ ಪಡೆಗೆ ನಾನೂ ಸೇರಿದ್ದೆ; ಒಂದು ದಿನ ಕವಾಯತು ಮುಗಿಸಿ ಪೈಪು ಸುತ್ತುತ್ತಿದ್ದೆ. ಪಡೆಯ ಮುಖ್ಯಸ್ಥ, ಕಮಾಂಡಂಟ್, ಬಂದು, "ನೀನು ಕಂಪ್ಯೂಟರಿನವನಲ್ಲವೇ? ಹೊಸ ಕಟ್ಟಡದ ಉದ್ಘಾಟನೆಗೆ ಸ್ಮರಣ ಸಂಚಿಕೆ ತರುತ್ತೇವೆ, ಇತಿಹಾಸ ನೀನೇ ಬರೆ" ಎಂದರು. ಕಂಪ್ಯೂಟರಿಗೂ ಇತಿಹಾಸಕ್ಕೂ ಏನು ಸಂಬಂಧ ಎಂದು ಕೇಳುವಷ್ಟು ಜರ್ಮನ್ ಆಗ ನನಗೆ ಬರುತ್ತಿರಲಿಲ್ಲ. ಹೂಂ ಎಂದುಬಿಟ್ಟೆ.

ನಮ್ಮೂರಿನಲ್ಲಿ ಬಣವೆಗೆ ಬೆಂಕಿ ಬಿದ್ದರೆ ತಾಲ್ಲೂಕಿನಿಂದ ವಾಹನ ಬರುವ ಹೊತ್ತಿಗೆ ಬೂದಿ ಉಳಿದಿರುತ್ತಿತ್ತು. ಇಲ್ಲಿ ಪೇಜರ್ ಕಿರುಚಿದೊಡನೆ ಬೇಕರಿಯವನು ಹಿಟ್ಟಿನ ಕೈಯಲ್ಲೇ ಓಡಿ ಬರುತ್ತಾನೆ, ಬಿಡಿಗಾಸು ಸಂಬಳವಿಲ್ಲದೆ. ಅದನ್ನು ಕಂಡು ಬೆರಗಾಗಿದ್ದೆ. ಆ ಬೆರಗಿನಲ್ಲೇ ಕೆಟ್ಟೆ.

ದೇಶದ ಮಟ್ಟದ ಕಥೆ ಸುಲಭ, ಎಲ್ಲ ಪುಸ್ತಕಗಳಲ್ಲೂ ಇದೆ. ಮೊದಮೊದಲ ಸ್ವಯಂಸೇವಕ ಪಡೆಗಳು ಹುಟ್ಟಿದ್ದು 1841ರಲ್ಲಿ ಮೈಸೆನ್, 1846ರಲ್ಲಿ ಡುರ್‌ಲಾಖ್ ಊರುಗಳಲ್ಲಿ. ಮರುವರ್ಷವೇ ಕಾರ್ಲ್ಸ್‌ರೂಹೆಯ ರಂಗಮಂದಿರ ಹೊತ್ತಿ ಉರಿದು ಅರವತ್ತಕ್ಕೂ ಹೆಚ್ಚು ಜನ ಸತ್ತಾಗ, ಪಕ್ಕದ ಡುರ್‌ಲಾಖ್‌ನ ಪಡೆ ಕಾರ್ಲ್ ಮೆಟ್ಸ್ ತಯಾರಿಸಿದ ಕೈಪಂಪಿನೊಡನೆ ಬಂದು ಬೆಂಕಿ ಹರಡದಂತೆ ತಡೆಯಿತು. ಆ ಸುದ್ದಿ ಊರೂರಿಗೆ ಮುಟ್ಟಿ, ಕುಶಲಕರ್ಮಿಗಳು, ಅಂಗಸಾಧನೆಯ ಸಂಘದ ಹುಡುಗರು ತಾವೇ ಪಡೆ ಕಟ್ಟತೊಡಗಿದರು. ಇಷ್ಟನ್ನು ಎರಡು ಸಂಜೆಯಲ್ಲಿ ಬರೆದು ಮುಗಿಸಿದೆ.

ನಮ್ಮ ಹಳ್ಳಿಯ ಸರದಿ ಬಂದಾಗ ಹಳೆಯ ಪಂಪುಮನೆಯ ಅಟ್ಟದಿಂದ ಒಂದು ದಪ್ಪ ಪುಸ್ತಕ ಇಳಿಸಿ ಕೊಟ್ಟರು. ಬರಹವೆಲ್ಲ ಕುರೆಂಟ್ ಲಿಪಿ, ಅಂದರೆ ಜರ್ಮನ್ನಿನ ಹಳೆಯ ಕೈಬರಹ. ನಮ್ಮ ಶ್ಯಾನುಭೋಗರ ಮೋಡಿ ಬರಹ ನೋಡಿದವರಿಗೆ ಅಂದಾಜಾದೀತು. ಕುರೆಂಟ್‌ನಲ್ಲಿ 'e' ಅಕ್ಷರ 'n' ಹಾಗೆ ಕಾಣುತ್ತದೆ. ಮೊದಲ ಪುಟದ ತಲೆಯ ಮೇಲೆ 1878 ಎಂಬ ವರ್ಷ, ಒಂದು ಜೋಡುಪದ. ಎರಡನೆಯ ಭಾಗ 'ಫಾಯರ್‌ವೇರ್', ಅಂದರೆ ಅಗ್ನಿಶಾಮಕ ಪಡೆ. ನನ್ನ ಅಂಗಿಯ ಬೆನ್ನ ಮೇಲೂ ಅದೇ ಪದ ಇದ್ದುದರಿಂದ ಗುರುತು ಹತ್ತಿತು. ಮೊದಲ ಭಾಗ ಗಂಟು ಬಿದ್ದ ನೂಲಿನಂತಿತ್ತು. ಊರಿನ ಹೆಸರಿರಬೇಕು ಎಂದುಕೊಂಡು ಬಿಟ್ಟೆ.

ಆ ಪದ 'ಫ್ಲಿಖ್ಟ್'. ಕಡ್ಡಾಯ ಎಂದರ್ಥ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ನೀವೂ ಇಲ್ಲೇ ಎಡವುತ್ತೀರಿ. ಸ್ವಯಂಸೇವಕರ ಪಡೆ ಹುಟ್ಟುವ ಮೊದಲು ಹಳ್ಳಿಗಳಲ್ಲಿ ಕಡ್ಡಾಯ ಪಡೆ ಇರುತ್ತಿತ್ತು. ಗಂಟೆ ಬಾರಿಸಿದರೆ ಗಟ್ಟಿಮುಟ್ಟಾದ ಗಂಡಸರೆಲ್ಲ ಬರಬೇಕು, ತಪ್ಪಿಸಿದರೆ ದಂಡ. ಈ ಕಡ್ಡಾಯದ ವಾಸನೆ ತೀರ ಇತ್ತೀಚಿನವರೆಗೂ ಉಳಿದಿತ್ತು: ಪಡೆಯಲ್ಲಿ ಸೇವೆ ಮಾಡದ ಗಂಡಸರಿಂದ ಮಾತ್ರ ಈ ರಾಜ್ಯದಲ್ಲಿ, ಅಂದರೆ ಬಾಡೆನ್-ವ್ಯೂರ್ಟೆಂಬರ್ಗ್‌ನಲ್ಲಿ, ವಸೂಲು ಮಾಡುತ್ತಿದ್ದ ಸುಂಕವನ್ನು ತಾರತಮ್ಯವೆಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಹೇಳಿದ್ದು 1994ರಲ್ಲಿ. ನನ್ನ ಕೈಯಲ್ಲಿದ್ದದ್ದು ಆ ಕಡ್ಡಾಯ ಪಡೆಯ ದಂಡದ ಪುಸ್ತಕ. ಹೆಸರು, ಎದುರಿಗೆ ಫೆನಿಗ್ (ಆಗಿನ ಚಿಲ್ಲರೆ ನಾಣ್ಯ) ಲೆಕ್ಕ, ನಡುವೆ 'ಶ್ಟ್ರ.' ಎಂಬ ಸಂಕ್ಷೇಪ. ಇಲ್ಲಿನ ಬೀದಿ ಫಲಕಗಳ ಮೇಲೆಲ್ಲ ಆ ಸಂಕ್ಷೇಪಕ್ಕೆ ರಸ್ತೆ ಎಂದೇ ಅರ್ಥ. ವಿಳಾಸವಿರಬೇಕು, ಹಣ ಚಂದಾ ಇರಬೇಕು ಎಂದುಕೊಂಡೆ. ಅದು 'ಶ್ಟ್ರಾಫೆ', ದಂಡ. ಒಬ್ಬನದೇ ಹೆಸರು ವರ್ಷಕ್ಕೆ ಏಳು ಸಲ ಬರುತ್ತದೆ, ಪ್ರತಿ ಸಲವೂ ಮೊತ್ತ ಏರುತ್ತದೆ. ಚಂದಾ ಹಾಗೆ ಏರುವುದುಂಟೇ? ಇಷ್ಟು ಯೋಚಿಸಿದ್ದರೂ ಸಾಕಿತ್ತು. ಆದರೆ ನನಗೆ ಊರಿನವರೆಲ್ಲ ಕರ್ಣರಾಗಿ ಕಾಣಬೇಕಿತ್ತು. ಏಳು ಸಲ ಹಣ ಕಟ್ಟಿದವನನ್ನು ಪಡೆಯ ಮಹಾದಾನಿ ಎಂದು ಬರೆದೆ. ಆತ ಬೇಕರಿಯವನ ಮುತ್ತಜ್ಜ.

ಜೊತೆಗೆ, ಪಡೆ ನೀವಂದುಕೊಂಡದ್ದಕ್ಕಿಂತ ಒಂಬತ್ತು ವರ್ಷ ಹಳೆಯದು ಎಂದು ಸಭೆಯಲ್ಲಿ ಸಾರಿದೆ. ಹಳಬರಾಗಲು ಯಾರು ತಾನೇ ಒಲ್ಲೆ ಎನ್ನುತ್ತಾರೆ? ಉದ್ಘಾಟನೆಯನ್ನು 140ನೆಯ ವರ್ಷದ ಹಬ್ಬವನ್ನಾಗಿ ಮಾಡಿದರು. ಬಿಯರ್ ಮಗ್ಗುಗಳ ಮೇಲೆ ವರ್ಷ ಅಚ್ಚು ಹಾಕಿಸಿದರು, ಮುನ್ನೂರು.

ಹಬ್ಬದ ದಿನ ಪುಸ್ತಕವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದೆವು. ಎಂಬತ್ತು ದಾಟಿದ ಅಜ್ಜಿಯೊಬ್ಬರು ಕನ್ನಡಕ ಏರಿಸಿಕೊಂಡು ಮೊದಲ ಸಾಲನ್ನು ಸಲೀಸಾಗಿ, ಗಟ್ಟಿಯಾಗಿ ಓದಿದರು. ಆಮೇಲೆ ದಂಡದ ಅಂಕಣವನ್ನು. ಹಿಂದೆ ನಿಂತಿದ್ದ ಬೇಕರಿಯವನ ಕಿವಿ ಕೆಂಪಾದದ್ದು ನನಗೆ ಈಗಲೂ ಕಾಣುತ್ತದೆ. ಮುಂದೆ ಒಂದು ವರ್ಷ ಅವನು ಬ್ರೆಡ್ಡು ಕೊಟ್ಟ, ನಮಸ್ಕಾರ ಕೊಡಲಿಲ್ಲ.

ಹಾಗಾಗಿ, ಭಾಷೆ ಬಾರದು, ಹೊರಗಿನವನು ಎಂಬ ನಿಮ್ಮ ಅಳುಕನ್ನು ನಾನು ಒಪ್ಪುವುದಿಲ್ಲ. ಆ ಲಿಪಿ ಇಲ್ಲಿ ಹುಟ್ಟಿದ ಹುಡುಗರಿಗೂ ಬಾರದು. ಪುಸ್ತಕವನ್ನು ಕಂಡಿದ್ದ ಕಮಾಂಡಂಟ್ ಕೂಡ ಮೊದಲ ಸಾಲು ಓದಿರಲಿಲ್ಲ. ಒಪ್ಪಿಕೊಳ್ಳಿ, ಆದರೆ ಜಿಲ್ಲಾ ದಾಖಲೆಗಾರರಿಗೆ ತೋರಿಸದೆ ಒಂದು ಪುಟವನ್ನೂ ಅಚ್ಚಿಗೆ ಕೊಡಬೇಡಿ. ಹಿರಿಯರನ್ನು ಮಾತನಾಡಿಸಿದರೆ ಸಾಲದೇ ಎಂದು ಕೇಳಿದ್ದೀರಿ. ಸಾಲದು. ಹಿರಿಯರು ಮೆರವಣಿಗೆ ಹೇಳುತ್ತಾರೆ, ದಂಡ ಹೇಳುವುದಿಲ್ಲ.

ಹೊರಗಿನವರಾದ್ದಕ್ಕೆ ನಿಮಗೊಂದು ಅನುಕೂಲವೂ ಇದೆ. ನಮ್ಮ ಪುಸ್ತಕದಲ್ಲಿ 1933ರಿಂದ ಹನ್ನೆರಡು ವರ್ಷದ, ಅಂದರೆ ನಾಜಿ ಆಳ್ವಿಕೆಯ ಕಾಲದ, ಹಾಳೆಗಳಿಲ್ಲ, ಬ್ಲೇಡಿನಿಂದ ನೇರವಾಗಿ ಕೊಯ್ದಿದ್ದಾರೆ. 1938ರ ನವೆಂಬರಿನಲ್ಲಿ ಯಹೂದಿಗಳ ಪ್ರಾರ್ಥನಾಮಂದಿರಗಳು ಉರಿಯುತ್ತಿದ್ದಾಗ, ಎಷ್ಟೋ ಊರುಗಳ ಅಗ್ನಿಶಾಮಕರು ಅಕ್ಕಪಕ್ಕದ ಮನೆಗಳಿಗೆ ಮಾತ್ರ ನೀರು ಹೊಡೆದರು. ಅದೇ ತಿಂಗಳು ಹೊರಬಂದ ಕಾನೂನು ಸ್ವಯಂಸೇವಕ ಪಡೆಗಳನ್ನು ಪೊಲೀಸರ ಸಹಾಯಕ ದಳವನ್ನಾಗಿಸಿತು. ಆ ಹಾಳೆಗಳನ್ನು ಯಾರು ಕೊಯ್ದರೆಂದು ಊರಿನವರು ಊರಿನವರನ್ನು ಕೇಳಲಾರರು. ನಾನು ಕೇಳಿದೆ. ಉತ್ತರ ಸಿಗಲಿಲ್ಲ, ಹಾಳೆ ಕೊಯ್ದ ಜಾಗದ ಚಿತ್ರವನ್ನೇ ಸಂಚಿಕೆಯಲ್ಲಿ ಹಾಕಿದೆ. ಅಷ್ಟೂ ಬರಹದಲ್ಲಿ ನಾನು ಸರಿಯಾಗಿ ಮಾಡಿದ್ದು ಅದೊಂದೇ.

ಆ ಮಗ್ಗುಗಳಲ್ಲಿ ಎರಡು ನಮ್ಮ ಮನೆಯಲ್ಲಿವೆ, ಒಂದರಲ್ಲಿ ಕರಿಬೇವಿನ ಗಿಡ ಹಾಕಿದ್ದೇನೆ. ನಿಮ್ಮ ಪುಸ್ತಕದ ಮೊದಲ ಪುಟದ ಫೋಟೊ ಇಲ್ಲಿ ಹಾಕಿ, ತಲೆಬರಹ ಕತ್ತರಿಸದೆ. ಆ ಅಜ್ಜಿ ಈಗಲೂ ಗಟ್ಟಿಯಾಗಿದ್ದಾರೆ, ಭಾನುವಾರ ಓದಿಸಿಕೊಂಡು ಬರುತ್ತೇನೆ.