ಆಲಮಟ್ಟಿ ಹಿನ್ನೀರಿನ ದೋಣಿಗೆ ಎಂಥ ಹೊದಿಕೆ ಬಟ್ಟೆ ತರಬೇಕು?

ನೀವು ಕೇಳಿದ್ದು ಇಷ್ಟು. 14 ಅಡಿಯ ಫೈಬರ್ ದೋಣಿ, ವರ್ಷವಿಡೀ ಆಲಮಟ್ಟಿ ಹಿನ್ನೀರಿನ ದಂಡೆಯ ಬಯಲಲ್ಲೇ ಇರುತ್ತದೆ. ಮೇಲೆ ಹೊದಿಸಿದ್ದ ನೀಲಿ ತಾಡಪತ್ರಿ ಒಂದೇ ಬೇಸಿಗೆಗೆ ಪುಡಿಪುಡಿಯಾಯಿತು. ಈಗ ಯಾವ ಬಟ್ಟೆ ತರಬೇಕು, ಅದು ಬಾಳಿಕೆ ಬರಲು ಏನು ಮಾಡಬೇಕು?

ನಾನು ಬಾಗಲಕೋಟೆಯವನು. ತಾಡಪತ್ರಿ, ಜೀಪಿನ ಹುಡ್ ಹೊಲಿಯುವುದು ಅಪ್ಪನ ಕಾಲದಿಂದ ನಮ್ಮ ಮನೆಯ ಕೆಲಸ. ದೋಣಿಯ ಹೊದಿಕೆ ಹೊಲಿದದ್ದು ಕಡಿಮೆ. ಆದರೆ ಜೀಪಾಗಲಿ, ದೋಣಿಯಾಗಲಿ, ಬಿಸಿಲು ಒಂದೇ ಅಲ್ವಾ?

ಬಟ್ಟೆ ಕೊಳ್ಳಲು ಬರುವವರೆಲ್ಲ ಮೊದಲು ಕೇಳುವುದು, ನೀರು ಇಳಿಯುತ್ತದೆಯೇ ಅಂತ. ನಮ್ಮ ಕಡೆ ಮಳೆ ಎಷ್ಟು ದಿನ? ಉಳಿದ ದಿನವೆಲ್ಲ ಬಿಸಿಲು, ಎರೆಮಣ್ಣಿನ ಧೂಳು. ಇಲ್ಲಿ ಬಟ್ಟೆಯನ್ನು ತಿನ್ನುವುದು ಬಿಸಿಲು. ನಿಮ್ಮ ನೀಲಿ ತಾಡಪತ್ರಿ ಪ್ಲಾಸ್ಟಿಕ್ ಪಟ್ಟಿಗಳನ್ನು ನೇಯ್ದು ಮಾಡಿದ್ದು. ಮೆಕ್ಕೆಜೋಳದ ರಾಶಿಯನ್ನು ನಾಲ್ಕು ದಿನ ಮುಚ್ಚಲು ಅದು ಸಾಕು. ವರ್ಷಗಟ್ಟಲೆ ಬಿಸಿಲಲ್ಲಿಟ್ಟರೆ ನೇರಳಾತೀತ ಕಿರಣಕ್ಕೆ ಪೆಡಸಾಗಿ ಮುರಿಯುತ್ತದೆ.

ದುಡ್ಡು ಹಾಕಲು ಆದರೆ ಅಕ್ರಿಲಿಕ್ ಕ್ಯಾನ್ವಾಸ್ ತರಿಸಿ. ಸನ್‌ಬ್ರೆಲಾ ಅಂತ ಬರುವುದು ಇದೇ ಜಾತಿ. ಇಳಕಲ್ ಸೀರೆಗೆ ಮೊದಲು ನೂಲಿಗೆ ಬಣ್ಣ ಹಾಕಿ, ಆಮೇಲೆ ನೇಯುತ್ತಾರೆ. ಈ ಬಟ್ಟೆಯಲ್ಲಿ ನೂಲಾಗುವುದಕ್ಕೂ ಮೊದಲು, ಎಳೆ ಇನ್ನೂ ಪಾಕದ ಹಾಗಿರುವಾಗಲೇ ಬಣ್ಣ ಕಲಸುತ್ತಾರೆ. ಹಾಗಾಗಿ ಬಣ್ಣ ಎಳೆಯ ಒಳಗೆಲ್ಲ ಇರುತ್ತದೆ, ಬಿಸಿಲಿಗೆ ಬೇಗ ಹಾರುವುದಿಲ್ಲ. ತೂಕ ಚದರ ಮೀಟರಿಗೆ 300 ಗ್ರಾಂ ಆಸುಪಾಸು. ಗಾಳಿಯೂ ಆಡುತ್ತದೆ. ಇದರ ದೋಷ ಒಂದೇ, ಉಜ್ಜಾಟ ತಡೆಯುವುದಿಲ್ಲ. ದೋಣಿಯ ಮೂಲೆ, ಕೊಕ್ಕೆ ತಾಗುವ ಕಡೆ ಒಳಗಿನಿಂದ ರೆಕ್ಸಿನ್ ತೇಪೆ ಹಾಕಿಸಲೇಬೇಕು.

ಅಷ್ಟು ಬೇಡ ಅನಿಸಿದರೆ ಪಿವಿಸಿ ಲೇಪದ ಲಾರಿ ತಾಡಪತ್ರಿ ಆಗಬಹುದು. ಗಟ್ಟಿ, ಹನಿ ನೀರೂ ಇಳಿಯುವುದಿಲ್ಲ. ಆದರೆ ಒಳಗಿನ ಹಸಿಯೂ ಹೊರಗೆ ಹೋಗುವುದಿಲ್ಲ. ನೀರಿನ ದಂಡೆ ಬೇರೆ. ಬೆಳಿಗ್ಗೆ ಎತ್ತಿ ನೋಡಿದರೆ ಒಳಮೈಯೆಲ್ಲ ಬೆವರಿರುತ್ತದೆ. ಎರಡೂ ತುದಿಗೆ ಗಾಳಿಕಿಂಡಿ ಬಿಡಿಸದೆ ಅದನ್ನು ಹೊದಿಸಬೇಡಿ, ಬೂಷ್ಟು ಹಿಡಿಯುತ್ತದೆ.

ಅಪ್ಪ ಹೊಲಿಯುತ್ತಿದ್ದದ್ದು ಮೇಣ ಹಾಕಿದ ಹತ್ತಿ ಕ್ಯಾನ್ವಾಸ್. ನೀರು ಬಿದ್ದಾಗ ನೂಲು ಉಬ್ಬಿ ತೂತು ತಾನೇ ಮುಚ್ಚುತ್ತದೆ. ನನಗೆ ಇವತ್ತಿಗೂ ಕೈಗೆ ಹಿತ ಆ ಬಟ್ಟೆ. ಆದರೆ ಹಸಿ ಇದ್ದಾಗ ಮಡಚಿಟ್ಟರೆ ಕೊಳೆಯುತ್ತದೆ. ದಿನಾ ಬಿಚ್ಚಿ ಒಣಗಿಸುವವರು ಇಲ್ಲದಿದ್ದರೆ ದೋಣಿಗೆ ಅದು ಬೇಡ.

ಈಗ ದಾರ. ಇದನ್ನು ದಯವಿಟ್ಟು ಗಮನ ಕೊಟ್ಟು ಓದಿ. "ದಾರ ಸತ್ರ ಬಟ್ಟಿ ಇದ್ದು ಏನ್ ಮಾಡೂದೈತಿ?" ಅಂತ ಅಪ್ಪ ಅನ್ನುತ್ತಿದ್ದರು. ಒಮ್ಮೆ ಒಳ್ಳೆಯ ಬಟ್ಟೆಗೆ ನಾನು ಸಾದಾ ನೈಲಾನ್ ದಾರ ಹಾಕಿಬಿಟ್ಟೆ. ಎರಡನೇ ಬೇಸಿಗೆಗೆ ಹೊಲಿಗೆ ಉಗುರಿಗೇ ಬಿಚ್ಚಿಕೊಂಡಿತು. ಬಟ್ಟೆ ಹೊಸದರ ಹಾಗೇ ಇತ್ತು. ಪೂರ್ತಿ ಬಿಚ್ಚಿ ಮತ್ತೆ ಹೊಲಿದು ಕೊಟ್ಟೆ. ಬಿಸಿಲು ತಡೆಯುವ ಬಾಂಡೆಡ್ ಪಾಲಿಯೆಸ್ಟರ್ ದಾರವನ್ನೇ ಕೇಳಿ ಹಾಕಿಸಿ. ಇನ್ನೂ ಮೇಲಿನದು ಪಿಟಿಎಫ್‌ಇ ದಾರ, ನಾನ್‌ಸ್ಟಿಕ್ ತವಾದ ಲೇಪಕ್ಕೆ ಬಳಸುವ ವಸ್ತುವೇ ಅದು. ಬಿಸಿಲು ಅದನ್ನು ಏನೂ ಮಾಡುವುದಿಲ್ಲ, ಬೆಲೆ ಮಾತ್ರ ಜಾಸ್ತಿ. ಹೊಲಿಗೆ ತೀರಾ ಸಣ್ಣದಾದರೆ ಸಾಲಾಗಿ ತೂತು ಬಿದ್ದು ಅಲ್ಲೇ ಹರಿಯುತ್ತದೆ. ಒಂದೊಂದು ಹೊಲಿಗೆ 4 ಮಿಲಿಮೀಟರ್ ಇರಲಿ. ಹಗ್ಗ ಕಟ್ಟುವ ರಿಂಗ್ ಹಿತ್ತಾಳೆಯದು ಹಾಕಿಸಿ. ಕಬ್ಬಿಣದ್ದು ತುಕ್ಕು ಹಿಡಿದು ಸುತ್ತಲಿನ ಬಟ್ಟೆಯನ್ನೂ ಕೆಡಿಸುತ್ತದೆ.

ಹೊದಿಕೆಯ ಕೆಳಗೆ ಕಮಾನು ಬೇಕೇ ಬೇಕು. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ತಗ್ಗಿನಲ್ಲಿ 10 ಸೆಂಟಿಮೀಟರ್ ನೀರು ನಿಂತರೆ 100 ಲೀಟರ್, ಅಂದರೆ 100 ಕೆಜಿ. ಒಂದು ಚೀಲ ಜೋಳ ಹೊದಿಕೆಯ ಮೇಲಿಟ್ಟ ಹಾಗೆ. ಯಾವ ಬಟ್ಟೆಯೂ ಅದಕ್ಕೆ ಜಗ್ಗದೆ ಇರದು. ನಡುವೆ ಎತ್ತರವಾಗಿ, ಎರಡೂ ಕಡೆ ಇಳಿಜಾರಾಗಿ ಪೈಪ್ ಬಗ್ಗಿಸಿ ಕೊಡಿ.

ತೊಳೆಯುವುದು ಸುಲಭ. ಮೊದಲು ಒಣ ಧೂಳನ್ನು ಮೆತ್ತನೆ ಬ್ರಷ್‌ನಿಂದ ಝಾಡಿಸಿ. ಎರೆಮಣ್ಣಿನ ಮೇಲೆ ನೇರ ನೀರು ಸುರಿದರೆ ಅದು ಕೆಸರಾಗಿ ನೂಲಿನೊಳಗೆ ಇಳಿಯುತ್ತದೆ. ಆಮೇಲೆ ತಣ್ಣೀರು, ಮೆತ್ತನೆ ಸೋಪು. ಬಟ್ಟೆ ಪುಡಿ ಬೇಡ, ಬಿಸಿನೀರು ಬೇಡ, ಸೀಮೆಎಣ್ಣೆಯಂತೂ ಮುಟ್ಟಿಸಬೇಡಿ. ಅಕ್ರಿಲಿಕ್‌ಗೆ ಬೂಷ್ಟು ಹಿಡಿದಿದ್ದರೆ 4 ಲೀಟರ್ ನೀರಿಗೆ ಒಂದು ಲೋಟ ಬ್ಲೀಚ್ (ಪುಡಿಯಲ್ಲ, ಬಾಟಲಿಯಲ್ಲಿ ಬರುವ ದ್ರವ), ಸ್ವಲ್ಪ ಸೋಪು ಕಲಸಿ ಹಚ್ಚಿ, 15 ನಿಮಿಷ ಬಿಟ್ಟು ಚೆನ್ನಾಗಿ ತೊಳೆಯಿರಿ. ಬ್ಲೀಚ್‌ಗೆ ಆ್ಯಸಿಡ್ ಬೆರೆಸಬೇಡಿ, ವಿಷದ ಗಾಳಿ ಏಳುತ್ತದೆ. ಹತ್ತಿ ಕ್ಯಾನ್ವಾಸ್‌ಗೆ ಈ ಉಪಾಯ ಮಾಡಲೇಬೇಡಿ.

ಒಣಗಿದ ಮೇಲೆ ನೀರು ಚಿಮುಕಿಸಿ ನೋಡಿ. ಕೆಸುವಿನ ಎಲೆಯ ಮೇಲಿನ ಹಾಗೆ ಹನಿ ಉರುಳಿದರೆ ಸರಿ. ಬಟ್ಟೆ ನೀರು ಕುಡಿದರೆ ಮೇಲಿನ ಲೇಪ ಹೋಗಿದೆ ಅಂತ ಅರ್ಥ. ಫ್ಲೋರೋಕಾರ್ಬನ್ ಸ್ಪ್ರೇ ಹೊಡೆದರೆ ಮತ್ತೆ ಬರುತ್ತದೆ, ಸುಮ್ನೆ ಹೊಸ ಬಟ್ಟೆ ಕೊಳ್ಳಬೇಕಿಲ್ಲ.

ದೋಣಿಯನ್ನು ಪಕ್ಕದಿಂದ, ಮೇಲಿನಿಂದ ಫೋಟೋ ತೆಗೆದು ಇಲ್ಲೇ ಹಾಕಿ. ಕಮಾನು ಎಷ್ಟು ಬೇಕು, ತೇಪೆ ಎಲ್ಲೆಲ್ಲಿ ಬರಬೇಕು ಅಂತ ನೋಡಿ ಹೇಳುತ್ತೇನೆ.