ಹಳೇ ಆಲ್ಟೊ ಸಸ್ಪೆನ್ಷನ್ ಬಿಚ್ಚಿಸುವಾಗಲೇ ಸ್ಪ್ರಿಂಗ್ ಕಟ್ ಮಾಡಿಸಿ ಗಾಡಿ ಇಳಿಸಬಹುದಾ?

ನಿಮ್ಮ ಪ್ರಶ್ನೆ ಓದುತ್ತಿದ್ದರೆ 2016ರಲ್ಲಿ ನಾನೇ ಬರೆದ ಹಾಗಿದೆ. 2008ರ ಆಲ್ಟೊ, ಗಂಗಾವತಿಯಿಂದ ಕೊಪ್ಪಳಕ್ಕೆ ದಿನಾ ಓಡಾಟ, ಮುಂದಿನ ಚಕ್ರದ ಹತ್ತಿರ ಟಕಟಕ ಸದ್ದು, ಕೈಯಲ್ಲಿ 20 ಸಾವಿರ. ಹೇಗೂ ಬಿಚ್ಚಿಸಬೇಕು, ಜೊತೆಗೇ ಗಾಡಿಯ ಎತ್ತರ 2 ಇಂಚು ಇಳಿಸಿಬಿಡೋಣ ಅಂತಿದ್ದೀರಿ. ಸ್ಪ್ರಿಂಗ್ ಕಟ್ ಮಾಡಿಸಬೇಕಾ, ಲೋವರಿಂಗ್ ಸ್ಪ್ರಿಂಗ್ (ಗಾಡಿ ತಗ್ಗಿಸಲೆಂದೇ ಮಾಡಿದ ಸ್ಪ್ರಿಂಗ್) ತರಿಸಬೇಕಾ ಅನ್ನೋದು ನಿಮ್ಮ ಪ್ರಶ್ನೆ.

ನನ್ನದೂ ಆಲ್ಟೊ, 2006ರದ್ದು. ಅಪ್ಪ ತಗೊಂಡಿದ್ದು, ನಮ್ಮ ಮನೆಯ ಮೊದಲ ಕಾರು. ಸಿರುಗುಪ್ಪದಿಂದ ಬಳ್ಳಾರಿಗೆ ಅದರಲ್ಲೇ ಹೋಗಿ ಬರುತ್ತಿದ್ದೆ. ಟೈರಿಗೂ ಮೇಲಿನ ಮಡ್‌ಗಾರ್ಡಿಗೂ ನಡುವೆ ನಾಲ್ಕು ಬೆರಳು ಸಂದು ಕಂಡರೆ ನನಗೆ ಸಹಿಸೋಕೆ ಆಗುತ್ತಿರಲಿಲ್ಲ. ಬಳ್ಳಾರಿಯ ಒಂದು ಗ್ಯಾರೇಜಿನಲ್ಲಿ ಒಂದೇ ದಿನ ಎಲ್ಲ ಕೆಲಸ ಮಾಡಿಸಿದೆ. ನಾಲ್ಕೂ ಸ್ಪ್ರಿಂಗ್ ಒಂದೊಂದು ಸುತ್ತು ಕಟ್, ಹೊಸ ಶಾಕ್ ಅಬ್ಸಾರ್ಬರ್, ಮುಂದೆ ಲೋವರ್ ಆರ್ಮ್ ಬುಷ್, ಹಿಂದೆ ಟ್ರೇಲಿಂಗ್ ಆರ್ಮ್ ಬುಷ್. ಆರ್ಮ್ ಅಂದರೆ ಚಕ್ರದ ಕಡೆಯಿಂದ ಗಾಡಿಯ ಬಾಡಿವರೆಗೆ ಬರುವ ಕಬ್ಬಿಣದ ತೋಳು, ಬುಷ್ ಅಂದರೆ ಅದರ ಕೀಲಿನಲ್ಲಿರುವ ರಬ್ಬರ್ ತುಂಡು. ಸ್ಪ್ರಿಂಗನ್ನು ಗ್ಯಾಸ್‌ನಲ್ಲಿ ಸುಡದೆ ಗ್ರೈಂಡರ್‌ನಲ್ಲಿ ಕೊಯ್ದರು. ಅದೊಂದು ಒಳ್ಳೆಯ ಕೆಲಸ. ಸುಟ್ಟರೆ ಉಕ್ಕಿನ ಹದ ಹೋಗಿ ಸ್ಪ್ರಿಂಗ್ ಕೂತುಬಿಡುತ್ತದೆ.

ಗಾಡಿ ಜಾಕ್ ಮೇಲಿತ್ತು. ಚಕ್ರಗಳು ಕೆಳಗೆ ಜೋತುಬಿದ್ದಿದ್ದವು. ಹುಡುಗ ಹಾಗೇ ಪಾನಾಕ್ಕೆ ಪೈಪ್ ಸಿಕ್ಕಿಸಿ ಬುಷ್ ಬೋಲ್ಟ್ ಎಲ್ಲ ಬಿಗಿದ. ನಾನು ಪಕ್ಕದಲ್ಲಿ ನಿಂತು "ಇನ್ನೂ ಸ್ವಲ್ಪ ಟೈಟ್ ಮಾಡಪ್ಪ" ಅಂದೆ. ನನ್ನ ದುಡ್ಡು ಹೋಗಿದ್ದು ಆ ಹತ್ತು ನಿಮಿಷದಲ್ಲಿ. ಇದನ್ನು ಉದ್ದವಾಗಿಯೇ ಹೇಳುತ್ತೇನೆ, ದಯವಿಟ್ಟು ಬಿಟ್ಟು ಓದಬೇಡಿ. ನೀವು ಗಾಡಿ ಇಳಿಸಿದರೂ ಇಳಿಸದಿದ್ದರೂ ಇದು ನಿಮಗೆ ಬೇಕು.

ಬುಷ್ ಅಂದರೆ ಬೇರಿಂಗ್ ಥರ ಒಳಗೆ ತಿರುಗುತ್ತದೆ ಅಂತ ನಾನು ತಿಳಿದಿದ್ದೆ. ಅದು ತಿರುಗುವುದಿಲ್ಲ. ನಡುವೆ ಒಂದು ಕಬ್ಬಿಣದ ಕೊಳವೆ, ಸುತ್ತ ರಬ್ಬರ್, ಹೊರಗೆ ಇನ್ನೊಂದು ಕಬ್ಬಿಣದ ಬಳೆ. ರಬ್ಬರ್ ಎರಡಕ್ಕೂ ಕಚ್ಚಿ ಕೂತಿರುತ್ತದೆ. ಬೋಲ್ಟ್ ಬಿಗಿದ ಕೂಡಲೇ ಒಳಗಿನ ಕೊಳವೆ ಗಾಡಿಯ ಬಾಡಿಯನ್ನು ಹಿಡಿದು ನಿಂತುಬಿಡುತ್ತದೆ. ಆಮೇಲೆ ಆರ್ಮ್ ಮೇಲೆ ಕೆಳಗೆ ಆಡಬೇಕಾದರೆ ರಬ್ಬರೇ ತಿರುಚಿಕೊಳ್ಳಬೇಕು. ಗುಂಡಿಗೆ ಬಿದ್ದಾಗ ಒಂದು ಕಡೆ, ಎದ್ದಾಗ ಇನ್ನೊಂದು ಕಡೆ, ಸುಮ್ನೆ ನಿಂತಾಗ ನಡುವೆ ಆರಾಮಾಗಿ. ಅದಕ್ಕೆ ಹಾಗೆ ಮಾಡಿರುತ್ತಾರೆ.

ಚಕ್ರ ಜೋತುಬಿದ್ದಾಗ ಬಿಗಿದರೆ ಏನಾಗುತ್ತದೆ? ಜೋತುಬಿದ್ದ ಜಾಗವೇ ರಬ್ಬರಿಗೆ ಆರಾಮಿನ ಜಾಗ ಆಗುತ್ತದೆ. ಗಾಡಿ ನೆಲಕ್ಕೆ ಇಳಿದ ತಕ್ಷಣ ಆರ್ಮ್ ಮೇಲಕ್ಕೆ ಹೋಗುತ್ತದೆ, ರಬ್ಬರ್ ತಿರುಚಿಕೊಳ್ಳುತ್ತದೆ. ರಾತ್ರಿ ಮನೆ ಮುಂದೆ ನಿಂತಿದ್ದರೂ ತಿರುಚಿಕೊಂಡೇ ಇರುತ್ತದೆ. ಒದ್ದೆ ಬಟ್ಟೆ ಹಿಂಡಿ, ಬಿಡದೆ ತಿಂಗಳುಗಟ್ಟಲೆ ಹಿಡಿದುಕೊಂಡ ಹಾಗೆ. ಇಳಿಸಿದ ಗಾಡಿಯಲ್ಲಿ ಇದು ಇನ್ನೂ ಜಾಸ್ತಿ. ಶಾಕ್ ಅಬ್ಸಾರ್ಬರ್ ಮೊದಲಿನಷ್ಟೇ ಉದ್ದ ಇರುವುದರಿಂದ ಚಕ್ರ ಮೊದಲಿನಷ್ಟೇ ಕೆಳಗೆ ಜೋತುಬೀಳುತ್ತದೆ, ನಿಂತಾಗ ಮಾತ್ರ 2 ಇಂಚು ಜಾಸ್ತಿ ಮೇಲಕ್ಕೆ ಬರುತ್ತದೆ.

ಹೀಗೆ ತಿರುಚಿಕೊಂಡ ರಬ್ಬರ್ ಗಾಡಿಯನ್ನು ಸ್ವಲ್ಪ ಎತ್ತಿಯೂ ಹಿಡಿಯುತ್ತದೆ. ನನಗದು ಗೊತ್ತಿರಲಿಲ್ಲ. ವಾರ ಬಿಟ್ಟು ಅಳೆದು ನೋಡಿದರೆ ನಾನು ಕೇಳಿದಷ್ಟು ಇಳಿದಿರಲಿಲ್ಲ. ಮತ್ತೆ ಹೋಗಿ ಮುಂದಿನ ಸ್ಪ್ರಿಂಗ್ ಇನ್ನೂ ಅರ್ಧ ಸುತ್ತು ಕೊಯ್ಯಿಸಿದೆ, ಬೋಲ್ಟ್ ಮತ್ತೆ ಗಾಳಿಯಲ್ಲೇ ಬಿಗಿದರು. ನಾಲ್ಕು ತಿಂಗಳಿಗೆ ಬುಷ್ ಹರಿದವು. ಎತ್ತಿ ಹಿಡಿದಿದ್ದ ರಬ್ಬರ್ ಬಿಟ್ಟಿತು, ಗಾಡಿ ಇನ್ನೊಂದು ಬೆರಳು ಕೂತಿತು. ಬ್ರೇಕ್ ಹಾಕಿದರೆ ಎಡಕ್ಕೆ ಎಳೆಯುತ್ತಿತ್ತು. ಬುಷ್ ಡೂಪ್ಲಿಕೇಟ್ ಮಾಲು ಅಂದುಕೊಂಡು ಜಾಸ್ತಿ ರೇಟಿನದು ತಂದು ಅದೇ ರೀತಿ ಹಾಕಿಸಿದೆ. ಐದು ತಿಂಗಳಿಗೆ ಅವೂ ಹೋದವು. ಅಷ್ಟರಲ್ಲಿ ಪಂಚರ್ ಅಂಗಡಿಯವರು ಮುಂದಿನ ಟೈರ್ ಬಿಚ್ಚಿ ನನ್ನ ಎದುರು ತಿರುಗಿಸಿ ಹಿಡಿದರು. ಹೊರಗಿನಿಂದ ಅರ್ಧ ಬಾಳಿಕೆ ಇದ್ದ ಟೈರ್, ಒಳ ಅಂಚಿನಲ್ಲಿ ದಾರ ಬಿಟ್ಟಿತ್ತು. ಆ ಟೈರಿನಲ್ಲಿ ಹಿಂದಿನ ದಿನ ಅಮ್ಮನನ್ನು ಕೂರಿಸಿಕೊಂಡು ಬಳ್ಳಾರಿಗೆ ಹೋಗಿ ಬಂದಿದ್ದೆ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಮೂರನೇ ಸಲ ಲಾರಿ ಕೆಲಸ ಮಾಡುವ ಹಿರಿಯರೊಬ್ಬರ ಹತ್ತಿರ ಹೋದೆ. ಹರಿದ ಬುಷ್ ಕೈಯಲ್ಲಿ ತಿರುಗಿಸಿ ನೋಡಿ, "ಗಾಳ್ಯಾಗ ಬಿಗ್ದಾರೇನಪ್ಪ ಇದನ್ನ?" ಅಂದರು. ನನಗೆ ಅರ್ಥವಾಗಲಿಲ್ಲ. "ಹಂಗಂದ್ರೇನು ತಾತ?" ಅಂದೆ. ಅವರು ಹೊಸ ಬುಷ್ ಮುಖದ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದರು, ನಡುವಿನ ಕೊಳವೆಯಿಂದ ರಬ್ಬರ್ ದಾಟಿ ಹೊರಬಳೆವರೆಗೆ. ಕೂರಿಸಿ, ಚಕ್ರ ಜೋತುಬಿದ್ದ ಹಾಗೇ ಬಿಗಿದರು. ಗಾಡಿ ನೆಲಕ್ಕೆ ಇಳಿಸಿ ಟಾರ್ಚ್ ಕೊಟ್ಟು ನೋಡು ಅಂದರು. ಗೆರೆ ಮುರಿದಿತ್ತು. ಒಳಗಿನ ತುದಿಗೂ ಹೊರಗಿನ ತುದಿಗೂ ಒಂದು ಉಗುರಿನಗಲ ವ್ಯತ್ಯಾಸ, ನಡುವೆ ರಬ್ಬರ್ ಮೇಲೆ ಗೆರೆ ಓರೆಯಾಗಿ ಎಳೆದುಕೊಂಡಿತ್ತು. ಆಮೇಲೆ ಗಾಡಿ ನೆಲದ ಮೇಲಿದ್ದಾಗಲೇ ಬೋಲ್ಟ್ ಸಡಿಲ ಮಾಡಿದರು. ಕೊಳವೆ ಟಕ್ ಅಂತ ತಿರುಗಿತು, ಗೆರೆ ನೇರವಾಯಿತು. ಈಗ ಬಿಗಿ ಅಂತ ಪಾನಾ ನನ್ನ ಕೈಗೇ ಕೊಟ್ಟರು. ಆ ಬುಷ್ ಇವತ್ತಿಗೂ ಇವೆ.

ಕತ್ತರಿಸಿದ ಸ್ಪ್ರಿಂಗ್ ಅವತ್ತೇ, ಬುಷ್ ಬಿಗಿಯುವ ಮುಂಚೆಯೇ, ತೆಗೆಸಿ ಕಂಪನಿ ಅಳತೆಯವು ಹಾಕಿಸಿದ್ದೆ.

ಈಗ ನಿಮ್ಮ ಪ್ರಶ್ನೆ. ಕಟ್ ಮಾಡಿಸಬೇಕಾ ಬೇರೆ ಸ್ಪ್ರಿಂಗಾ ಅನ್ನುವುದಕ್ಕೆ ನಾನು ಉತ್ತರ ಕೊಡುವುದಿಲ್ಲ. ಎರಡೂ ಬೇಡ. ಆಲ್ಟೊದ ಗ್ರೌಂಡ್ ಕ್ಲಿಯರೆನ್ಸ್, ಅಂದರೆ ಗಾಡಿಯ ತಳಕ್ಕೂ ನೆಲಕ್ಕೂ ನಡುವಿನ ಸಂದು, ಸುಮಾರು 160 ಮಿ.ಮೀ. 2 ಇಂಚು ತೆಗೆದರೆ ಉಳಿಯುವುದು ಸುಮಾರು 110. ನಾಲ್ಕು ಜನ ಕೂತರೆ ಇನ್ನೂ ಕಡಿಮೆ. ರಸ್ತೆಗಳ ಅಳತೆ ಗೊತ್ತುಮಾಡುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಪ್ರಕಾರ ಹಂಪ್ 10 ಸೆಂ.ಮೀ. ಎತ್ತರ, ಗಾಡಿ ಹೋಗುವ ದಿಕ್ಕಿನಲ್ಲಿ 3.7 ಮೀಟರ್ ಅಗಲ ಇರಬೇಕು. ಅಷ್ಟು ಅಗಲ ಇದ್ದರೆ ಗಾಡಿ ನಿಧಾನಕ್ಕೆ ಹತ್ತಿ ಇಳಿಯುತ್ತದೆ. ನಮ್ಮ ಕಡೆ ಊರೂರಿನ ಶಾಲೆ ಮುಂದೆ ಇರುವುದು ಮೊಳದಗಲದ ದಿಬ್ಬ. ಸಾಲದ್ದಕ್ಕೆ ಎರೆ ನೆಲ. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿದು ಮೇಲಿನ ಡಾಂಬರನ್ನು ಅಲೆ ಅಲೆ ಮಾಡಿರುತ್ತದೆ. ನಾಟಿ ಸಮಯದಲ್ಲಿ ಕೇಜ್ ವೀಲ್ (ಕೆಸರು ಗದ್ದೆಗೆ ಹಾಕುವ ಕಬ್ಬಿಣದ ಚಕ್ರ) ಹಾಕಿದ ಟ್ರ್ಯಾಕ್ಟರ್ ಅದನ್ನೇ ಕೆತ್ತಿಕೊಂಡು ಹೋಗುತ್ತದೆ. ಗಂಗಾವತಿಯವರಿಗೆ ಇದನ್ನು ನಾನು ಹೇಳಬೇಕಾಗಿಲ್ಲ ಅಲ್ವಾ? ಇಂಥ ರಸ್ತೆಗೆ ಚಕ್ರ ಮೇಲಕ್ಕೆ ಹೋಗಲು ಜಾಗ ಬೇಕು, ನೀವು ತೆಗೆಯಲು ಹೊರಟಿರುವುದು ಅದೇ ಜಾಗ. ಅಲೈನ್‌ಮೆಂಟ್ ಮಾಡಿಸಿದರೂ ಪೂರ್ತಿ ಸರಿಹೋಗುವುದಿಲ್ಲ. ಈ ಗಾಡಿಯಲ್ಲಿ ಟೋ (ಚಕ್ರದ ಮುಂತುದಿ ಒಳಕ್ಕೋ ಹೊರಕ್ಕೋ ತಿರುಗಿರುವುದು) ಸರಿ ಮಾಡಬಹುದು, ಗಾಡಿ ತಗ್ಗಿದ್ದಕ್ಕೆ ಮೇಲ್ತುದಿ ಒಳಕ್ಕೆ ವಾಲಿದ ಚಕ್ರ ಹಾಗೇ ಉಳಿಯುತ್ತದೆ.

ಆ 20 ಸಾವಿರವನ್ನು ಟಕಟಕ ಸದ್ದಿಗೆ ಹಾಕಿ. ಮೊದಲು ಎಲ್ಲಿಂದ ಅಂತ ಹುಡುಕಿ. ಒಬ್ಬರು ಸ್ಟೀರಿಂಗ್ ತಿರುಗಿಸಲಿ, ನೀವು ಬಾನೆಟ್ ತೆಗೆದು ಸ್ಟ್ರಟ್ ಮೌಂಟ್ (ಮುಂದಿನ ಶಾಕ್ ಅಬ್ಸಾರ್ಬರಿನ ಮೇಲ್ತುದಿ ಕೂರುವ ಜಾಗ) ಮೇಲೆ ಕೈ ಇಡಿ. ಜಿಗಿದ ಹಾಗೆ ಆದರೆ ಮೌಂಟ್ ಅಥವಾ ಅದರ ಬೇರಿಂಗ್ ಹೋಗಿದೆ. ಚಕ್ರ ಎತ್ತಿ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಆಡಿದರೆ ಬಾಲ್ ಜಾಯಿಂಟ್ (ಆರ್ಮ್ ತುದಿಯ ಗುಂಡು ಕೀಲು) ಅಥವಾ ವೀಲ್ ಬೇರಿಂಗ್. ಎಡ ಬಲ ಹಿಡಿದಾಗ ಮಾತ್ರ ಆಡಿದರೆ ಟೈ ರಾಡ್ ಎಂಡ್, ಅಂದರೆ ಸ್ಟೀರಿಂಗಿನಿಂದ ಚಕ್ರಕ್ಕೆ ಬರುವ ಸರಳಿನ ತುದಿಯ ಕೀಲು. ಶಾಕ್ ಅಬ್ಸಾರ್ಬರ್ ಎರಡೂ ಬದಿ ಒಟ್ಟಿಗೇ ಬದಲಿಸಿ, ಬಂಪ್ ಸ್ಟಾಪ್ (ಚಕ್ರ ತೀರಾ ಮೇಲಕ್ಕೆ ಬಂದಾಗ ತಡೆಯುವ ರಬ್ಬರ್) ಮರೆಯಬೇಡಿ.

ಬುಷ್ ಹಾಕಿಸುವ ದಿನ ನೀವೇ ಅಲ್ಲಿ ನಿಂತಿರಿ. ಬೋಲ್ಟ್ ಕೈಯಲ್ಲಿ ತಿರುಗಿಸಿ ಬಿಟ್ಟು ಗಾಡಿ ಜಾಕ್‌ನಿಂದ ನೆಲಕ್ಕೆ ಇಳಿಸಲು ಹೇಳಿ. ಗಾಡಿ ಕೆಳಗೆ ನಿಂತು ಕೆಲಸ ಮಾಡುವ ಪಿಟ್ ಇಲ್ಲದಿದ್ದರೆ ನಾಲ್ಕೂ ಚಕ್ರದ ಕೆಳಗೆ ದಪ್ಪ ಹಲಗೆ. ಬಂಪರ್ ಮೇಲೆ ನಾಲ್ಕು ಸಲ ಒತ್ತಿ, ಗಾಡಿ ಹಿಂದೆ ಮುಂದೆ ತಳ್ಳಿ, ಆಮೇಲೆ ಬಿಗಿಯಲಿ. ಹೊತ್ತಾಯಿತು ಅಂತ ಬೈದರೂ ಬಿಡಬೇಡಿ. ಜೇಬಲ್ಲಿ ಒಂದು ಸೀಮೆಸುಣ್ಣ ಇರಲಿ. ಕೂರಿಸುವ ಮುಂಚೆ ಗೆರೆ ಎಳೆಯಿರಿ, ಕೆಲಸ ಮುಗಿದ ಮೇಲೆ ಟಾರ್ಚ್ ಹಾಕಿ ನೋಡಿ. ಗೆರೆ ನೇರ ಇದ್ದರೆ ದುಡ್ಡು ಕೊಟ್ಟು ಬನ್ನಿ.